ಅಪ್ಪನ ಕಾಲಿಗೆ ಬ್ಯಾಟರಿ ಬೇಡ

ಹೋದ ತಿಂಗಳು ಒಂದು ಬೆಳಗ್ಗೆ ಅಪ್ಪ ಅಡುಗೆಮನೆ ಹೊಸ್ತಿಲಿಗೆ ಬಲಗಾಲಿನ ಹೆಬ್ಬೆರಳು ಎಡವಿಕೊಂಡು 'ಅಯ್ಯಮ್ಮಾ' ಅಂದರು. ಸ್ಟವ್ ಮುಂದಿದ್ದ ಅಮ್ಮ ಗಾಬರಿಯಾಗಿ ತಿರುಗಿದಳು. ಸ್ಟ್ಯಾಂಡ್‌ಅಪ್ ಕಾಲ್‌ನಲ್ಲಿದ್ದ ನಾನು ಮ್ಯೂಟ್ ಮಾಡಿ ಎದ್ದೆ. ಮೂರೂ ಜನ ಒಂದು ಕ್ಷಣ ಮುಖ ಮುಖ ನೋಡಿಕೊಂಡೆವು. ಆಮೇಲೆ ಮೊದಲು ನಕ್ಕಿದ್ದು ಅಪ್ಪನೇ. ಯಾಕೆಂದರೆ ಆ ಬಲಗಾಲು ಅಪ್ಪನದಲ್ಲ. ಅಂದರೆ ಅಪ್ಪನದೇ, ಆದರೆ ರಬ್ಬರಿನದು.

ಮಾಮೂಲಿ ದಿನದ ಒಂದು ಸಣ್ಣ ಘಟನೆ. ಆದರೆ ಆವತ್ತು ಕಾಲ್ ಮುಗಿದ ಮೇಲೂ ನನಗೆ ಕೋಡ್ ಕಡೆ ಮನಸ್ಸು ಹೋಗಲಿಲ್ಲ. ಜಗತ್ತಿನ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ಲ್ಯಾಬುಗಳಲ್ಲಿ ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕುತ್ತಿರುವ ಒಂದು ಸಂಗತಿ ನಮ್ಮ ಬನಶಂಕರಿ ಮನೆಯ ಹೊಸ್ತಿಲ ಮೇಲೆ ಸುಮ್ಮನೆ ನಡೆದುಹೋಗಿತ್ತು. ಅದನ್ನು ಹೇಳಬೇಕೆಂದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು. ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಅಪ್ಪನದು ಕತ್ರಿಗುಪ್ಪೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸಂಪ್ ಮೋಟಾರು, ಮಿಕ್ಸಿ, ಟೇಬಲ್ ಫ್ಯಾನು, ಸುಟ್ಟುಹೋದ ಯಾವ ಕಾಯಿಲ್ ತಂದುಕೊಟ್ಟರೂ ಹಳೇ ತಂತಿ ಕಿತ್ತು ಹೊಸದು ಸುತ್ತಿ ಕೊಡುತ್ತಾರೆ. ಮೂವತ್ತು ವರ್ಷದಿಂದ ನೆಲದ ಮೇಲೆ ಮಣೆ ಹಾಕಿಕೊಂಡು ಕೂತೇ ಕೆಲಸ. ನನ್ನ ಇಂಜಿನಿಯರಿಂಗ್ ಫೀಸು ಬಂದಿದ್ದು ಆ ತಾಮ್ರದ ತಂತಿಯಿಂದ. ಅದರ ಜೊತೆಗೆ ಹದಿನೆಂಟು ವರ್ಷದಿಂದ ಶುಗರ್ ಕೂಡ ಇದೆ.

2024ರ ಫೆಬ್ರವರಿಯಲ್ಲಿ ತಂತಿಯ ಒಂದು ಚೂರು ಅವರ ಬಲಪಾದಕ್ಕೆ ಚುಚ್ಚಿಕೊಂಡಿತು. ಅವರಿಗೆ ಗೊತ್ತೇ ಆಗಲಿಲ್ಲ. ನೆಲ ಒರೆಸುವಾಗ ರಕ್ತದ ಕಲೆ ನೋಡಿ ಕೇಳಿದ್ದು ಅಮ್ಮ. ತುಂಬಾ ವರ್ಷ ಸಕ್ಕರೆ ಕಾಯಿಲೆ ಇದ್ದವರ ಪಾದದ ನರಗಳು ನಿಧಾನಕ್ಕೆ ಸತ್ತುಹೋಗುತ್ತವೆ, ನೋವು ತಿಳಿಯುವುದಿಲ್ಲ, ರಕ್ತ ಓಡಾಟ ಕಡಿಮೆಯಾಗಿ ಗಾಯವೂ ಬೇಗ ಮಾಯುವುದಿಲ್ಲ ಅನ್ನುವುದೆಲ್ಲ ನನಗೆ ತಿಳಿದಿದ್ದು ಆಮೇಲೆ. ಅಪ್ಪ ಅರಿಶಿನ ಹಚ್ಚಿ ಬಟ್ಟೆ ಕಟ್ಟಿ ಅಂಗಡಿಗೆ ಹೋದರು.

ಆಗ ನಾನು ಬಿಟಿಎಂ ಲೇಔಟ್‌ನಲ್ಲಿ ಇಬ್ಬರು ಗೆಳೆಯರ ಜೊತೆ ಫ್ಲ್ಯಾಟ್ ಮಾಡಿಕೊಂಡಿದ್ದೆ. ಆಫೀಸಿಗೆ ಹತ್ತಿರ ಅಂತ. ಮನೆಗೂ ಅಲ್ಲಿಗೂ ಏಳೆಂಟು ಕಿಲೋಮೀಟರ್. ಅಮ್ಮ ಬುಧವಾರ ಫೋನ್ ಮಾಡಿ 'ಅಪ್ಪನ ಕಾಲು ಯಾಕೋ ಊದ್ಕೊಂಡಿದೆ ಕಣೋ, ನೀನ್ ಬಂದು ಹೇಳಿದ್ರೆ ಡಾಕ್ಟ್ರ ಹತ್ರ ಬರ್ತಾರೆ' ಅಂದಳು. ನಮ್ಮದು ರಿಲೀಸ್ ವಾರ. 'ಶನಿವಾರ ಬರ್ತೀನಮ್ಮ' ಅಂದೆ. ಆ ಶನಿವಾರ ಪ್ರೊಡಕ್ಷನ್‌ನಲ್ಲಿ ಏನೋ ಮುರಿದುಬಿತ್ತು. ನಾನು ಹೋಗಿದ್ದು ಮುಂದಿನ ಶನಿವಾರ. ಒಟ್ಟು ಹತ್ತು ದಿನ. ಅಷ್ಟರಲ್ಲಿ ಎರಡು ಬೆರಳು ಕಪ್ಪಾಗಿದ್ದವು.

ಡಾಕ್ಟರು ಮೊದಲು ಬೆರಳು ತೆಗೆದರು. ಸೋಂಕು ಮೇಲೆ ಏರಿತು. ಮಾರ್ಚ್ ಕೊನೆಗೆ ಮಂಡಿಯ ಮೇಲಿನಿಂದ ಕಾಲನ್ನೇ ತೆಗೆಯಬೇಕಾಯಿತು. 'ಮೊದಲೇ ಬಂದಿದ್ದರೆ ಉಳೀತಿತ್ತಾ ಡಾಕ್ಟ್ರೇ?' ಅಂತ ನಾನು ಕೇಳಿದೆ. 'ಹಾಗೆ ಹೇಳೋಕ್ಕಾಗಲ್ಲ' ಅಂದರು. ಒಳ್ಳೆಯ ಮನುಷ್ಯ. ಆದರೆ 'ಇಲ್ಲ' ಅಂತ ಅವರು ಹೇಳಲಿಲ್ಲ.

ಆಪರೇಷನ್ ಆದ ನಾಲ್ಕನೇ ರಾತ್ರಿ ಆಸ್ಪತ್ರೆಯಲ್ಲಿ ಅಪ್ಪ ನನ್ನನ್ನು ಎಬ್ಬಿಸಿದರು. 'ಹೆಬ್ಬೆರಳು ಮುದುರಿಕೊಂಡಿದೆ ಕಣೋ, ಸ್ವಲ್ಪ ಬಿಡಿಸು, ತಡೆಯೋಕಾಗ್ತಿಲ್ಲ' ಅಂದರು. ನಾನು ಎಡಗಾಲು ಹಿಡಿದೆ. 'ಅದಲ್ಲ, ಬಲಗಾಲು' ಅಂದರು. ಹೊದಿಕೆಯ ಕೆಳಗೆ ಅಲ್ಲಿ ಹಾಸಿಗೆ ಬಿಟ್ಟು ಏನೂ ಇರಲಿಲ್ಲ.

ಇದಕ್ಕೆ ಫ್ಯಾಂಟಮ್ ಲಿಂಬ್ ಅಂತ ಹೆಸರು. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ ಚಿಕಿತ್ಸೆ ಕೊಟ್ಟ ವೈದ್ಯ ಸೈಲಸ್ ವೇರ್ ಮಿಚೆಲ್ 1871ರಲ್ಲಿ ಇಟ್ಟ ಹೆಸರದು. ಕಾಲು ಹೋದರೂ ಮೆದುಳಿನಲ್ಲಿರುವ ಕಾಲಿನ ನಕ್ಷೆ ಹೋಗುವುದಿಲ್ಲ. ಆ ಜಾಗಕ್ಕೆ ಸುದ್ದಿ ಬರುವುದು ನಿಂತರೂ ಮೆದುಳು ಅಲ್ಲೊಂದು ಕಾಲಿದೆ ಅಂತಲೇ ನಡೆದುಕೊಳ್ಳುತ್ತದೆ. ಅದು ತುರಿಸುತ್ತದೆ, ಉರಿಯುತ್ತದೆ, ಮುದುರಿಕೊಳ್ಳುತ್ತದೆ.

ನನ್ನನ್ನು ಕಾಡಿದ್ದು ಬೇರೆ. ಇದ್ದ ಕಾಲಿಗೆ ತಂತಿ ಚುಚ್ಚಿದಾಗ ಸುದ್ದಿ ಬರಲಿಲ್ಲ. ಇಲ್ಲದ ಕಾಲಿನಿಂದ ಈಗ ಮಧ್ಯರಾತ್ರಿ ಸುದ್ದಿ ಬರುತ್ತಿದೆ. ಹಾಗಾದರೆ ಕಾಲು ಅಂದರೆ ಯಾವುದು? ಮೂಳೆ ಮಾಂಸವಾ, ಸುದ್ದಿಯಾ?

ನಾನು ಬಿಟಿಎಂ ಫ್ಲ್ಯಾಟ್ ಖಾಲಿ ಮಾಡಿ ಮನೆಗೆ ಬಂದೆ. ರಾತ್ರಿ ಅಪ್ಪ ಮಲಗಿದ ಮೇಲೆ ಓದಲು ಶುರು ಮಾಡಿದೆ. ನಮ್ಮಂಥವರಿಗೆ ಅದೊಂದು ಚಟ. ಸಮಸ್ಯೆ ಬಂದರೆ ಅಳುವುದಿಲ್ಲ, ಟ್ಯಾಬ್ ತೆರೆಯುತ್ತೇವೆ.

ಮೊದಲು ಸಿಕ್ಕಿದ್ದು ಹ್ಯೂ ಹರ್. ಅಮೆರಿಕದ ಎಂಐಟಿಯ ಪ್ರೊಫೆಸರ್. 1982ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ವಾಷಿಂಗ್ಟನ್ ಪರ್ವತ ಹತ್ತಲು ಹೋಗಿ ಹಿಮಗಾಳಿಯಲ್ಲಿ ಸಿಕ್ಕಿಹಾಕಿಕೊಂಡು ಮಂಡಿ ಕೆಳಗೆ ಎರಡೂ ಕಾಲು ಕಳೆದುಕೊಂಡವರು. ಈಗ ತಾವೇ ವಿನ್ಯಾಸ ಮಾಡಿದ ಮೋಟಾರ್ ಕಾಲುಗಳ ಮೇಲೆ ನಡೆಯುತ್ತಾರೆ. ಅವರ ತಂಡದ ಕೆಲಸ ಬರೀ ಮೋಟಾರಿನದಲ್ಲ. ನಮ್ಮ ಕಾಲಿನ ಸ್ನಾಯುಗಳು ಜೋಡಿಜೋಡಿಯಾಗಿ ಇರುತ್ತವೆ. ಒಂದು ಬಿಗಿಯಾದರೆ ಎದುರಿನದು ಹಿಗ್ಗುತ್ತದೆ. ಆ ಎಳೆದಾಟದಿಂದಲೇ ಮೆದುಳಿಗೆ, ಕಣ್ಣು ಮುಚ್ಚಿಕೊಂಡಿದ್ದರೂ, ಪಾದ ಎಲ್ಲಿದೆ ಅಂತ ತಿಳಿಯುವುದು. ಮಾಮೂಲಿ ಆಪರೇಷನ್‌ನಲ್ಲಿ ಈ ಜೋಡಿ ಕಡಿದುಹೋಗುತ್ತದೆ. ಹರ್ ತಂಡ ಮತ್ತು ಬೋಸ್ಟನ್ನಿನ ಶಸ್ತ್ರವೈದ್ಯರು ಸೇರಿ, ಉಳಿದ ಭಾಗದಲ್ಲೇ ಆ ಎರಡು ಸ್ನಾಯುಗಳ ತುದಿಯನ್ನು ಮತ್ತೆ ಜೋಡಿಸುವ ವಿಧಾನ ಕಂಡುಹಿಡಿದರು. ಮನುಷ್ಯನ ಮೇಲೆ ಅದನ್ನು ಮೊದಲು ಮಾಡಿದ್ದು 2016ರಲ್ಲಿ.

2024ರ ಜುಲೈನಲ್ಲಿ, ಅಪ್ಪ ಇನ್ನೂ ವಾಕರ್ ಹಿಡಿದು ಒಂಟಿಕಾಲಲ್ಲಿ ಬಚ್ಚಲಿಗೆ ಹೋಗುತ್ತಿದ್ದಾಗ, ಅವರ ಹೊಸ ಫಲಿತಾಂಶ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ಮಂಡಿ ಕೆಳಗೆ ಕಾಲು ಕಳೆದುಕೊಂಡ 14 ಜನ. 7 ಜನಕ್ಕೆ ಈ ಹೊಸ ಆಪರೇಷನ್ ಆಗಿತ್ತು, 7 ಜನಕ್ಕೆ ಮಾಮೂಲಿದು. ಎಲ್ಲರಿಗೂ ಒಂದೇ ಥರದ ಮೋಟಾರ್ ಕಾಲು. ಹೊಸ ಆಪರೇಷನ್ ಆದವರ ಗರಿಷ್ಠ ನಡಿಗೆಯ ವೇಗ 41% ಹೆಚ್ಚಿತ್ತು, ಎರಡೂ ಕಾಲಿರುವವರ ಹತ್ತಿರ ಹತ್ತಿರಕ್ಕೆ ಬಂದಿದ್ದರು. ಮೆಟ್ಟಿಲು, ಇಳಿಜಾರು, ದಾರಿಗೆ ಅಡ್ಡ ಇಟ್ಟ ವಸ್ತು ಎಲ್ಲ ದಾಟಿದರು. ಆ ಸ್ನಾಯುಗಳಿಂದ ಮೆದುಳಿಗೆ ಹೋಗುತ್ತಿದ್ದ ಸುದ್ದಿ ಮಾಮೂಲಿಯ ಸುಮಾರು 18% ಮಾತ್ರ. ಅಷ್ಟೇ ಸಾಕಾಗಿತ್ತು. ಐದನೇ ಒಂದು ಭಾಗಕ್ಕಿಂತ ಕಡಿಮೆ ಸುದ್ದಿ ಬಂದರೂ ಮೆದುಳು ಉಳಿದಿದ್ದನ್ನು ಹೊಂದಿಸಿಕೊಳ್ಳುತ್ತದೆ.

ಇನ್ನೊಂದು ಕತೆ ಅಪ್ಪನಿಗೆ ಓದಿ ಹೇಳಿದೆ. ಜೆಸ್ಸಿ ಸಲ್ಲಿವನ್ ಅಂತ ಅಮೆರಿಕದ ಒಬ್ಬ ಲೈನ್‌ಮ್ಯಾನ್. 2001ರಲ್ಲಿ ಹೈಟೆನ್ಷನ್ ಶಾಕ್ ಹೊಡೆದು ಎರಡೂ ತೋಳು ಹೋದವು. ಶಿಕಾಗೋದ ಡಾ. ಟಾಡ್ ಕುಯ್ಕೆನ್ ತಂಡ, ಒಂದು ಕಾಲಕ್ಕೆ ಕೈಗೆ ಹೋಗುತ್ತಿದ್ದ ನರಗಳನ್ನು ಎದೆಯ ಸ್ನಾಯುವಿಗೆ ತಿರುಗಿಸಿ ಜೋಡಿಸಿತು. ಸಲ್ಲಿವನ್ 'ಕೈ ಮುಚ್ಚಬೇಕು' ಅಂತ ಅಂದುಕೊಂಡರೆ ಎದೆಯ ಸ್ನಾಯು ಅಲುಗುತ್ತದೆ. ಚರ್ಮದ ಮೇಲಿನ ಎಲೆಕ್ಟ್ರೋಡು ಅದನ್ನು ಹಿಡಿದು ಕೃತಕ ಕೈಯ ಮೋಟಾರ್ ತಿರುಗಿಸುತ್ತದೆ. ಎದೆಯ ಆ ಜಾಗ ಮುಟ್ಟಿದರೆ ಇಲ್ಲದ ಕೈಯನ್ನು ಮುಟ್ಟಿದ ಹಾಗೆ ಅವರಿಗೆ ಅನ್ನಿಸುತ್ತಿತ್ತು.

ಅಪ್ಪ ಪೂರ್ತಿ ಕೇಳಿಸಿಕೊಂಡರು. 'ಲೈನ್ ಕಟ್ ಆಗಿಲ್ಲ, ಲೋಡ್ ಹೋಗಿದೆ ಅಷ್ಟೇ. ವೈರ್ ತಗೊಂಡೋಗಿ ಬೇರೆ ಟರ್ಮಿನಲ್‌ಗೆ ಕೊಟ್ಟಿದ್ದಾರೆ' ಅಂದರು. ಎರಡು ತಿಂಗಳಲ್ಲಿ ಮೊದಲ ಸಲ ಅವರ ಮುಖದಲ್ಲಿ ಅಂಗಡಿಯ ಕಳೆ ನೋಡಿದೆ.

ಅಲ್ಲಿಗೆ ನಾನು ತೀರ್ಮಾನ ಮಾಡಿಬಿಟ್ಟೆ. ಕನಕಪುರ ರಸ್ತೆಯಲ್ಲಿ ಫ್ಲ್ಯಾಟ್ ಬುಕ್ ಮಾಡಲು ಕೂಡಿಟ್ಟಿದ್ದ ದುಡ್ಡಿತ್ತು. ಲ್ಯಾಬಿನ ಕಾಲು ಸಿಗುವುದಿಲ್ಲ ಸರಿ, ಮಾರ್ಕೆಟ್‌ನಲ್ಲಿ ಸಿಗುವ ಅತ್ಯುತ್ತಮ ಮಂಡಿ ಹಾಕಿಸೋಣ ಅಂತ. ಮೈಕ್ರೋಪ್ರೊಸೆಸರ್ ಮಂಡಿ ಅಂತ ಬರುತ್ತದೆ. ಜರ್ಮನಿಯ ಒಟ್ಟೊಬಾಕ್ ಕಂಪನಿಯ ಸಿ-ಲೆಗ್ 1997ರಲ್ಲೇ ಬಂದಿದೆ. ಒಳಗಿನ ಸೆನ್ಸರುಗಳು ಕಾಲು ಯಾವ ಕೋನದಲ್ಲಿದೆ, ಎಷ್ಟು ಭಾರ ಬಿದ್ದಿದೆ ಅಂತ ಕ್ಷಣಕ್ಷಣಕ್ಕೂ ಅಳೆದು ಹೈಡ್ರಾಲಿಕ್ ಬಿಗಿ ಹೆಚ್ಚುಕಡಿಮೆ ಮಾಡುತ್ತವೆ. ಎಡವಿದರೆ ಮಂಡಿ ಮಡಚಿಕೊಳ್ಳದ ಹಾಗೆ ತಡೆಯುತ್ತದೆ. ತುಂಬಾ ಜನರ ಬದುಕು ಬದಲಾಯಿಸಿದ ಒಳ್ಳೆಯ ಸಾಧನ. ಬೆಲೆ ಮಾತ್ರ ಹಲವು ಲಕ್ಷ.

ಕೃತಕ ಅಂಗ ಜೋಡಿಸುವ ಒಂದು ಕೇಂದ್ರಕ್ಕೆ ಅಪ್ಪನನ್ನು ಕರೆದುಕೊಂಡು ಹೋದೆ. ನಾನು ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ, ಹೋಲಿಕೆಯ ಪಟ್ಟಿ ಸಮೇತ. ಅಲ್ಲಿನ ಮೇಡಂ ಸಮಾಧಾನವಾಗಿ ಎಲ್ಲ ವಿವರಿಸಿದರು. ಅಪ್ಪ ಮೂರೇ ಪ್ರಶ್ನೆ ಕೇಳಿದರು.

'ಇದನ್ನ ಹಾಕ್ಕೊಂಡು ನೆಲದ ಮೇಲೆ ಮಣೆ ಹಾಕಿ ಕೂರಬಹುದಾ?'

'ಚಾರ್ಜ್ ಮುಗಿದ್ರೆ ಏನಾಗುತ್ತೆ?'

'ಕೆಟ್ರೆ ರಿಪೇರಿ ಯಾರು ಮಾಡ್ತಾರೆ, ಎಷ್ಟು ದಿನಕ್ಕೆ ಕೊಡ್ತಾರೆ?'

ಮೂರನೆಯದಕ್ಕೆ ನಾನು ತಲೆ ತಗ್ಗಿಸಿದೆ. ಅದು ಮೂವತ್ತು ವರ್ಷ ಬೇರೆಯವರ ಯಂತ್ರ ರಿಪೇರಿ ಮಾಡಿದವರ ಪ್ರಶ್ನೆ. ಹೊಸ ಫೀಚರ್ ಬರೆಯುವುದರಲ್ಲೇ ಮುಳುಗಿ ಸಪೋರ್ಟ್ ಟಿಕೆಟ್ ಅಂದರೆ ಮುಖ ಸಿಂಡರಿಸುವ ನನಗೆ ಹೊಳೆದೇ ಇರಲಿಲ್ಲ.

ಆಗ ಅವರು ಇನ್ನೊಂದು ಬಗೆಯ ಮಂಡಿ ತೋರಿಸಿದರು. ಬ್ಯಾಟರಿ ಇಲ್ಲ, ಚಿಪ್ ಇಲ್ಲ. ನಾಲ್ಕು ಕೊಂಡಿಗಳ ಮಂಡಿ. ಹಳೆಯ ಸಾದಾ ಮಂಡಿಗಳು ಬಾಗಿಲಿನ ಕೀಲಿನ ಹಾಗೆ ಒಂದೇ ಅಕ್ಷದ ಮೇಲೆ ತಿರುಗುತ್ತವೆ. ನಮ್ಮ ನಿಜವಾದ ಮಂಡಿ ಹಾಗಲ್ಲ, ಮಡಚುತ್ತಾ ಹೋದಂತೆ ತಿರುಗುವ ಬಿಂದುವೇ ಜಾಗ ಬದಲಿಸುತ್ತದೆ. ನಾಲ್ಕು ಕೊಂಡಿಯ ಮಂಡಿಯೂ ಹಾಗೇ. ಹಿಮ್ಮಡಿ ಊರಿದಾಗ ಮಡಚದೆ ಗಟ್ಟಿ ನಿಲ್ಲುತ್ತದೆ, ಕಾಲೆತ್ತಿ ಮುಂದೆ ಹಾಕುವಾಗ ಕಾಲಿನ ಉದ್ದ ಒಂಚೂರು ಕಡಿಮೆಯಾಗಿ ಬೆರಳು ನೆಲಕ್ಕೆ ತಗಲುವುದಿಲ್ಲ. ಇದರಲ್ಲಿ ಬುದ್ಧಿ ಇರುವುದು ಕೋಡಿನಲ್ಲಲ್ಲ, ಕೊಂಡಿಗಳ ಅಳತೆಯಲ್ಲಿ.

ಅಪ್ಪ ಅದನ್ನು ಕೈಗೆ ತಗೊಂಡು ನಾಲ್ಕೈದು ಸಲ ಮಡಚಿ ಬಿಡಿಸಿದರು. 'ನಿಮ್ಮಮ್ಮನ ಹೊಲಿಗೆ ಮಿಷನ್ ಪೆಡಲ್ಲು' ಅಂದರು. ನಿಜ. ಕಾಲಲ್ಲಿ ತುಳಿಯುವ ಮಿಷನ್ನಿನ ಪೆಡಲು, ಕಡ್ಡಿ, ಚಕ್ರದ ಜೋಡಣೆಯೂ ನಾಲ್ಕು ಕೊಂಡಿಯ ಯಂತ್ರವೇ. ಮೂರನೇ ಸೆಮಿಸ್ಟರ್‌ನಲ್ಲಿ ನನ್ನ ಮೆಕ್ಯಾನಿಕಲ್ ಗೆಳೆಯರು ಅದನ್ನು ಬರೆದು ಬರೆದು ಕಲಿತಿದ್ದರು. ಅಪ್ಪ ಮುಟ್ಟಿ ಹೇಳಿದರು.

ಮನೆಗೆ ಬಂದು ಹುಡುಕಿದರೆ, ಈ ಕತೆಯ ಒಂದು ತುದಿ ನಮ್ಮ ಏರಿಯಾದಲ್ಲೇ ಇದೆ. ಐಐಟಿ ಮದ್ರಾಸ್‌ನಲ್ಲಿ ಪ್ರೊಫೆಸರ್ ಸುಜಾತಾ ಶ್ರೀನಿವಾಸನ್ ಅವರ ಆರ್2ಡಿ2 ಅನ್ನುವ ಕೇಂದ್ರ ಇದೆ. ಅಂಗವಿಕಲರಿಗೆ ಬೇಕಾದ ಸಾಧನಗಳ ಸಂಶೋಧನೆಯೇ ಅದರ ಕೆಲಸ. ಅವರು ರೂಪಿಸಿದ 'ಕದಂ' ಅನ್ನುವ ನಾಲ್ಕು ಕೊಂಡಿಯ ಮಂಡಿ 2022ರಲ್ಲಿ ಬಿಡುಗಡೆಯಾಯಿತು. ಈ ಬಗೆಯ ಮಂಡಿಗಳಲ್ಲಿ ನಮ್ಮ ದೇಶದಲ್ಲೇ ರೂಪುಗೊಂಡ ಮೊದಲನೆಯದು ಅದು. ಅದನ್ನು ಜನರ ಕಾಲಿಗೆ ತಲುಪಿಸಲು ಅವರ ಜೊತೆ ಕೈಜೋಡಿಸಿದ್ದು ನಮ್ಮ ಜೆ.ಪಿ. ನಗರ 2ನೇ ಹಂತದ ಮೊಬಿಲಿಟಿ ಇಂಡಿಯಾ, 1994ರಿಂದ ಕೆಲಸ ಮಾಡುತ್ತಿರುವ ಸಂಸ್ಥೆ. ಆ ಮಂಡಿ 160 ಡಿಗ್ರಿಯವರೆಗೆ ಮಡಚುತ್ತದೆ. ಯಾಕೆ ಅಷ್ಟು? ಬಸ್ಸಿನ ಸೀಟಿನ ಇಕ್ಕಟ್ಟಿನಲ್ಲಿ, ಆಟೋದಲ್ಲಿ ಕೂರಬೇಕಲ್ಲ, ಅದಕ್ಕೆ. ನಾನು ದಿನಾ ಅದೇ ಜೆ.ಪಿ. ನಗರದ ರಸ್ತೆಯಲ್ಲಿ ಕ್ಯಾಬ್‌ನಲ್ಲಿ ಹೋಗುತ್ತಾ ಬೋಸ್ಟನ್ ಪೇಪರ್ ಓದುತ್ತಿದ್ದೆ.

ಪಾದದ ಕತೆಯೂ ಹೀಗೇ. 1968ರ ಸುಮಾರಿಗೆ ಜೈಪುರದಲ್ಲಿ ರಾಮಚಂದ್ರ ಶರ್ಮ ಅನ್ನುವ ಕುಶಲಕರ್ಮಿ ಮತ್ತು ಡಾ. ಪಿ.ಕೆ. ಸೇಠಿ ಸೇರಿ ರಬ್ಬರಿನ ಪಾದ ಮಾಡಿದರು. ವಿದೇಶದ ಪಾದಗಳು ಶೂ ಒಳಗಿರಲಿ ಅಂತ ಮಾಡಿದ್ದವು. ನಮ್ಮವರು ಮನೆಯಲ್ಲಿ ಬರಿಗಾಲಲ್ಲಿ ಇರುತ್ತಾರೆ, ನೆಲದ ಮೇಲೆ ಕೂರುತ್ತಾರೆ, ಗದ್ದೆಗೆ ಇಳಿಯುತ್ತಾರೆ. ಜೈಪುರ ಪಾದ ಅದಕ್ಕೆ ತಕ್ಕ ಹಾಗೆ ಆಗಿತ್ತು. ನೃತ್ಯಗಾರ್ತಿ ಸುಧಾ ಚಂದ್ರನ್ ಮತ್ತೆ ವೇದಿಕೆ ಹತ್ತಿದ್ದು ಆ ಪಾದದ ಮೇಲೆ.

ಆದರೂ ನಾನು ಬಿಡಲಿಲ್ಲ. ರಾತ್ರಿ ಊಟ ಆದ ಮೇಲೆ ಮತ್ತೆ ಶುರು ಮಾಡಿದೆ. 'ಅಪ್ಪ, ದುಡ್ಡಿನ ಬಗ್ಗೆ ನೀವು ಯೋಚ್ನೆ ಮಾಡ್ಬೇಡಿ. ಬಿದ್ದರೆ ಕಷ್ಟ. ಚಿಪ್ ಇರೋದೇ ಹಾಕಿಸೋಣ' ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: 'ನಿನಗೆ ಸಮಾಧಾನ ಆಗಲಿ ಅಂತ ನನ್ನ ಕಾಲಿಗೆ ಬ್ಯಾಟರಿ ಹಾಕ್ಬೇಡ ಕಣೋ.'

ನಾನು ಏನೂ ಮಾತಾಡಲಿಲ್ಲ. ಆ ಹತ್ತು ದಿನದ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಅಪ್ಪನಿಗೆ ಮೊದಲಿಂದ ಗೊತ್ತಿತ್ತು. 'ಹೇಳಿದ್ರೂ ನಾನು ಆಸ್ಪತ್ರೆಗೆ ಬರ್ತಿದ್ನೋ ಇಲ್ವೋ ಬಿಡು' ಅಂದರು. 'ಫ್ಲ್ಯಾಟ್ ದುಡ್ಡು ಹಾಗೇ ಇರಲಿ. ಬೆಳಗ್ಗೆ ಒಂದರ್ಧ ಗಂಟೆ ಕೂತ್ಕೋ ನನ್ ಜೊತೆ. ಅಮ್ಮನಿಂದ ಒಬ್ಬಳಿಂದ ಆಗ್ತಿಲ್ಲ.'

ಹಾಗೆ ಶುರುವಾಗಿದ್ದು ನಮ್ಮ ಬೆಳಗಿನ ಅರ್ಧ ಗಂಟೆ.

ಮೊದಲು ಕನ್ನಡಿ. ತಮಿಳುನಾಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ತೋರಿಸಿಕೊಟ್ಟ ಉಪಾಯ ಅದು. ಕಾಲುಗಳ ನಡುವೆ ಉದ್ದಕ್ಕೆ ಕನ್ನಡಿ ನಿಲ್ಲಿಸಿ, ಇರುವ ಕಾಲಿನ ಪ್ರತಿಬಿಂಬ ಇಲ್ಲದ ಕಾಲಿನ ಜಾಗದಲ್ಲಿ ಕಾಣುವ ಹಾಗೆ ಮಾಡುವುದು. ಇರುವ ಕಾಲಿನ ಬೆರಳು ಬಿಡಿಸಿದರೆ ಇಲ್ಲದ ಕಾಲಿನದೂ ಬಿಡಿಸಿದ ಹಾಗೆ ಮೆದುಳಿಗೆ ಕಾಣುತ್ತದೆ. ಎಲ್ಲರಿಗೂ ಇದು ಕೆಲಸ ಮಾಡುತ್ತದೆ ಅಂತೇನಿಲ್ಲ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಮೇಲೆ ನಾವು ಮಾಡಿದೆವು. ಜಯನಗರ 4ನೇ ಬ್ಲಾಕ್‌ನಿಂದ ಒಂದು ಉದ್ದದ ಕನ್ನಡಿ ತಂದೆ. ಮೊದಲ ದಿನ ಅಪ್ಪ 'ಇದೇನೋ ಮಕ್ಕಳಾಟ' ಅಂದರು. ಎರಡನೇ ವಾರ ಒಂದು ದಿನ ಕನ್ನಡಿ ನೋಡುತ್ತಾ ನೋಡುತ್ತಾ ಕಣ್ಣಲ್ಲಿ ನೀರು ಬಂತು. 'ಬಿಟ್ಕೊಂತು ಕಣೋ' ಅಂದರು. ಆಸ್ಪತ್ರೆಯ ನಾಲ್ಕನೇ ರಾತ್ರಿಯಿಂದ ಮುದುರಿಕೊಂಡಿದ್ದ ಬೆರಳದು. ಪೂರ್ತಿ ಹೋಗಿಲ್ಲ, ಈಗಲೂ ಮಳೆಗಾಲದಲ್ಲಿ ಬರುತ್ತದೆ. ಆದರೆ ರಾತ್ರಿ ನಿದ್ದೆ ಬರುವಷ್ಟು ಕಡಿಮೆಯಾಯಿತು.

ಆಮೇಲೆ ಕಾಲು ಬಂತು. ನಾನು ಓದಿದ ಪೇಪರುಗಳಲ್ಲಿ ಮಂಡಿ, ಪಾದ, ಮೋಟಾರಿನ ಬಗ್ಗೆ ಪುಟಗಟ್ಟಲೆ ಇತ್ತು. ಅಪ್ಪನ ದಿನವನ್ನು ನಿರ್ಧರಿಸುತ್ತಿದ್ದುದು ಅದ್ಯಾವುದೂ ಅಲ್ಲ, ಸಾಕೆಟ್. ಉಳಿದ ತೊಡೆ ಹೋಗಿ ಕೂರುವ ಬಟ್ಟಲಿನಂಥ ಭಾಗ. ತೊಡೆ ಒಂದೇ ಅಳತೆಯಲ್ಲಿ ಇರುವುದಿಲ್ಲ. ಬೆಳಗ್ಗೆ ಬಿಗಿ, ಸಂಜೆ ಸಡಿಲ. ಉಪ್ಪಿನಕಾಯಿ ಜಾಸ್ತಿ ತಿಂದ ಮರುದಿನ ಇನ್ನೂ ಬಿಗಿ. ಸಡಿಲವಾದರೆ ಒಳಗೆ ಹತ್ತಿಯ ಕಾಲುಚೀಲ ಒಂದು ಪದರ ಹೆಚ್ಚಿಗೆ ಹಾಕಬೇಕು. ತಪ್ಪಿದರೆ ಚರ್ಮ ಉಜ್ಜಿ ಕೆಂಪಾಗುತ್ತದೆ. ಶುಗರ್ ಇರುವವರಿಗೆ ಕೆಂಪು ಅಂದರೆ ಅಪಾಯದ ಗಂಟೆ. ನಾನು ಒಂದು ಶೀಟ್ ಮಾಡಿ ದಿನಾ ಬರೆದೆ: ಎಷ್ಟು ಪದರ, ಎಷ್ಟು ಹೊತ್ತು, ಎಲ್ಲಿ ಕೆಂಪು. ಮೂರು ತಿಂಗಳಾದ ಮೇಲೆ ತೊಡೆ ಸಣ್ಣಗಾಗಿ ಆ ಸಾಕೆಟ್ಟೇ ದೊಡ್ಡದಾಯಿತು. ಹೊಸದು ಮಾಡಿಸಿದೆವು.

ಎರಡು ಕಂಬಿಗಳ ನಡುವೆ ಹೆಜ್ಜೆ, ಆಮೇಲೆ ಎರಡು ಕೋಲು, ಆಮೇಲೆ ಒಂದು. ಮಂಡಿ ಮೇಲೆ ಕಾಲು ಹೋದವರಿಗೆ ಅದೇ ದೂರ ನಡೆಯಲು ನಮಗಿಂತ ತುಂಬಾ ಹೆಚ್ಚು ಶಕ್ತಿ ಬೇಕು. ಬೀದಿ ಕೊನೆಯ ಹಾಲಿನ ಬೂತಿಗೆ ಹೋಗಿ ಬಂದರೆ ಅಪ್ಪನ ಬನಿಯನ್ ಪೂರ್ತಿ ಒದ್ದೆ. ಎರಡು ಸಲ ಬಿದ್ದರು. ಎರಡನೇ ಸಲ ಬಿದ್ದಾಗ ಕಾಲನ್ನು ಬಿಚ್ಚಿ ಮೂಲೆಗೆ ನಿಲ್ಲಿಸಿ 'ತಗೊಂಡೋಗಿ ವಾಪಸ್ ಕೊಡು ಅದನ್ನ' ಅಂದರು. ನಾಲ್ಕು ದಿನ ಮುಟ್ಟಲಿಲ್ಲ.

ಹೀಗೆ ಮೂಲೆಗೆ ಇಡುವವರು ಅಪ್ಪ ಒಬ್ಬರೇ ಅಲ್ಲ. ಕೃತಕ ಕೈಗಳ ಬಗ್ಗೆ 25 ವರ್ಷಗಳ ಅಧ್ಯಯನಗಳನ್ನು ಒಟ್ಟು ಮಾಡಿ 2007ರಲ್ಲಿ ಪ್ರಕಟವಾದ ಒಂದು ಲೇಖನ ಓದಿದ್ದೆ. ವಯಸ್ಕರಲ್ಲಿ ಮೋಟಾರ್ ಕೈ ಹಾಕಿಸಿಕೊಂಡವರಲ್ಲಿ 23%, ಹಗ್ಗ ಎಳೆದು ಆಡಿಸುವ ಕೈ ಹಾಕಿಸಿಕೊಂಡವರಲ್ಲಿ 26% ಜನ ಅದನ್ನು ಬಿಟ್ಟುಬಿಟ್ಟಿದ್ದರು. ಮೋಟಾರ್ ಇರಲಿ ಬಿಡಲಿ, ದೊಡ್ಡ ವ್ಯತ್ಯಾಸವೇನಿಲ್ಲ. ಭಾರ, ಸೆಕೆ, ನೋವು, 'ಇದು ನನ್ನದಲ್ಲ' ಅನ್ನುವ ಕಿರಿಕಿರಿ.

'ನನ್ನದು' ಅನ್ನಿಸುವುದು ಹೇಗೆ ಅನ್ನುವುದೇ ಈಗ ಸಂಶೋಧಕರ ದೊಡ್ಡ ಪ್ರಶ್ನೆ. 1998ರಲ್ಲಿ ಬಾಟ್ವಿನಿಕ್ ಮತ್ತು ಕೋಹೆನ್ ಅನ್ನುವವರು ಒಂದು ಸರಳ ಪ್ರಯೋಗ ಮಾಡಿದ್ದರು. ನಿಮ್ಮ ಕೈಯನ್ನು ಮರೆಯಲ್ಲಿಟ್ಟು, ಕಣ್ಣೆದುರು ಒಂದು ರಬ್ಬರ್ ಕೈ ಇಟ್ಟು, ಎರಡರ ಮೇಲೂ ಒಟ್ಟಿಗೇ ಬ್ರಶ್ ಆಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ರಬ್ಬರ್ ಕೈಯೇ ನನ್ನ ಕೈ ಅನ್ನಿಸಲು ಶುರುವಾಗುತ್ತದೆ. ಎರಡು ಬ್ರಶ್ಶುಗಳ ತಾಳ ತಪ್ಪಿದರೆ ಆ ಭ್ರಮೆ ಹೆಚ್ಚುಕಡಿಮೆ ಹೋಗಿಬಿಡುತ್ತದೆ. ಕಂಡದ್ದು ಮತ್ತು ಮುಟ್ಟಿದ್ದು ಒಂದೇ ಹೊತ್ತಿಗೆ ಆಗಬೇಕು, ಮತ್ತೆ ಮತ್ತೆ ಆಗಬೇಕು.

ಅಪ್ಪನ ಕಾಲಿನಲ್ಲಿ ಸೆನ್ಸರ್ ಇಲ್ಲ. ಆದರೆ ಹಿಮ್ಮಡಿ ನೆಲಕ್ಕೆ ಬಿದ್ದಾಗ ಸಾಕೆಟ್ ತೊಡೆಯ ಹಿಂಬದಿಗೆ ಒತ್ತುತ್ತದೆ, ಬೆರಳ ಮೇಲೆ ಭಾರ ಹೋದಾಗ ಮುಂಬದಿಗೆ. ಪ್ರತಿ ಹೆಜ್ಜೆಗೂ, ತಡವಿಲ್ಲದೆ. ಸಾಕೆಟ್ ಸಡಿಲ ಇದ್ದ ದಿನ ಆ ಸುದ್ದಿ ಹಾಳು. ಸರಿಯಾಗಿ ಕೂತ ದಿನ ಸುದ್ದಿ ಸ್ಪಷ್ಟ. ದೀಪಾವಳಿ ಹೊತ್ತಿಗೆ ಅಪ್ಪ ಮನೆಯೊಳಗೆ ಎಲ್ಲಿ ಮ್ಯಾಟ್ ಇದೆ, ಎಲ್ಲಿ ಟೈಲ್ಸ್ ಇದೆ ಅಂತ ಕತ್ತಲಲ್ಲೂ ಹೇಳುತ್ತಿದ್ದರು. ನಾಲ್ಕು ದಿನದ ಮುನಿಸು ಮುಗಿದಿದ್ದು ಹೇಗೆ ಅಂದರೆ, ಪಕ್ಕದ ಬೀದಿಯವರೊಬ್ಬರು ಸುಟ್ಟ ಸಂಪ್ ಮೋಟಾರ್ ಮನೆಗೇ ತಂದು 'ನೀವೇ ಮಾಡ್ಕೊಡ್ಬೇಕು' ಅಂತ ಕೂತರು. ಅಪ್ಪ ಕಾಲು ಹಾಕಿಕೊಂಡು, ಕೈಯಲ್ಲಿ ಮಂಡಿ ಮಡಚಿಕೊಂಡು, ಮಣೆ ಮೇಲೆ ಕೂತರು.

ಅಮ್ಮ ಬನಶಂಕರಿ ದೇವಿಗೆ ಹರಕೆ ಹೊತ್ತಿದ್ದಳು, ಅಪ್ಪ ನಡೆದು ಬಂದು ನಿಂಬೆಹಣ್ಣಿನ ದೀಪ ಹಚ್ಚುತ್ತಾರೆ ಅಂತ. ಒಂದು ಶುಕ್ರವಾರ ಹೊರಟೆವು. ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವಾಗ ಅಪ್ಪ ನಿಂತುಬಿಟ್ಟರು. ರಬ್ಬರ್ ಕಾಲು ನೋಡಿಕೊಂಡರು. 'ಇದನ್ನ ಹಾಕ್ಕೊಂಡು ಒಳಗೆ ಹೋಗಬಹುದಾ?' ಅಂತ ಅಮ್ಮನನ್ನು ಕೇಳಿದರು. ಅಮ್ಮ ನನ್ನ ಮುಖ ನೋಡಿದಳು. ನನ್ನ ಹತ್ತಿರ ಯಾವ ಪೇಪರೂ ಇರಲಿಲ್ಲ.

ಸುಧಾ ಚಂದ್ರನ್ 2021ರಲ್ಲಿ ಒಂದು ವಿಡಿಯೋ ಹಾಕಿದ್ದು ನೆನಪಾಯಿತು. ವಿಮಾನ ನಿಲ್ದಾಣಗಳಲ್ಲಿ ತಪಾಸಣೆಗೆ ಅಂತ ಪ್ರತಿ ಸಲ ಕಾಲು ಬಿಚ್ಚಿಸುತ್ತಾರೆ ಅಂತ ಅವರು ನೋವಿನಿಂದ ಹೇಳಿಕೊಂಡಿದ್ದರು. ಭದ್ರತಾ ಪಡೆ ಕ್ಷಮೆಯನ್ನೂ ಕೇಳಿತು. ಅದು ಸಾಮಾನೋ, ಶರೀರವೋ ಅನ್ನುವ ಪ್ರಶ್ನೆ ಅಲ್ಲೂ ಇದ್ದದ್ದೇ.

ಅಪ್ಪನೇ ತೀರ್ಮಾನ ಮಾಡಿದರು. 'ಕಾಲಲ್ವಾ, ತೊಳ್ಕೊಂಡ್ರೆ ಆಯ್ತು' ಅಂದು ನಲ್ಲಿ ಹತ್ತಿರ ಹೋಗಿ ಎಡಗಾಲು ತೊಳೆದರು, ಆಮೇಲೆ ಬಲಗಾಲು. 'ಮೇಲೆ ನೀರು ಹಾಕ್ಬೇಡಿ, ಬೋಲ್ಟ್ ತುಕ್ಕು ಹಿಡಿಯುತ್ತೆ' ಅಂತ ನಾನು ಹಿಂದಿನಿಂದ ಹೇಳುತ್ತಲೇ ಇದ್ದೆ. ಅಪ್ಪ ಕೇಳಿಸಿಕೊಳ್ಳಲಿಲ್ಲ. ಎರಡೂ ಪಾದ ಒದ್ದೆ ಮಾಡಿಕೊಂಡು ಒಳಗೆ ನಡೆದರು. ಕಲ್ಲಿನ ನೆಲದ ಮೇಲೆ ಎರಡೂ ಪಾದದ ಗುರುತು ಮೂಡುತ್ತಾ ಹೋದವು. ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಮನೆಗೆ ಬಂದ ಮೇಲೆ ನಾನು ಬೋಲ್ಟುಗಳನ್ನು ಒಣಬಟ್ಟೆಯಲ್ಲಿ ಒರೆಸಿದೆ.

ಆ ಕಾರಣಕ್ಕೇ ಹೋದ ತಿಂಗಳ 'ಅಯ್ಯಮ್ಮಾ' ನನಗೆ ಅಷ್ಟು ದೊಡ್ಡದಾಗಿ ಕೇಳಿಸಿತು. ರಬ್ಬರ್ ಬೆರಳು ಹೊಸ್ತಿಲಿಗೆ ತಾಗಿದ್ದಕ್ಕೆ ನೋಯಬೇಕಾಗಿರಲಿಲ್ಲ. ಆದರೆ ಯೋಚನೆ ಬರುವ ಮೊದಲೇ ಬಾಯಿಂದ ಬಂದುಬಿಟ್ಟಿತು. ಮೆದುಳು ತನ್ನ ಹಳೇ ನಕ್ಷೆಯ ಖಾಲಿ ಜಾಗದಲ್ಲಿ ಈ ಕಾಲನ್ನು ಇಟ್ಟುಕೊಂಡಿದೆ.

ಲ್ಯಾಬುಗಳ ಕೆಲಸ ಬೇಡ ಅಂತ ನಾನು ಹೇಳುತ್ತಿಲ್ಲ. ಇವತ್ತು ಬೋಸ್ಟನ್ನಿನ ಆಪರೇಷನ್ ನಾಳೆ ನಮ್ಮ ಆಸ್ಪತ್ರೆಗೂ ಬರಲಿ, ಅಂಥ ಕಾಲು ಕತ್ರಿಗುಪ್ಪೆಯ ರಿಪೇರಿಯವನಿಗೂ ಸಿಗಲಿ. ಚಿಕ್ಕ ವಯಸ್ಸಿನವರಿಗೆ, ದಿನಾ ತುಂಬಾ ನಡೆಯಬೇಕಾದವರಿಗೆ ಚಿಪ್ ಇರುವ ಮಂಡಿಯೇ ಸರಿ ಇರಬಹುದು. ಯಾರಿಗೆ ಯಾವುದು ಅಂತ ಹೇಳಬೇಕಾದವರು ಗೊತ್ತಿರುವ ತಜ್ಞರು ಮತ್ತು ಹಾಕಿಕೊಳ್ಳುವವರು. ದುಡ್ಡು ಕೊಡುವ ಮಗ ಅಲ್ಲ.

ಆ ಉದ್ದದ ಕನ್ನಡಿ ಈಗಲೂ ಹಾಲ್‌ನಲ್ಲಿ ನೆಲದ ಮೇಲೆ ಗೋಡೆಗೆ ಒರಗಿದೆ. ಕೆಲಸ ಬದಲಾಗಿದೆ. ಬೆಳಗ್ಗೆ ಸ್ನಾನ ಆದ ಮೇಲೆ ಅಪ್ಪ ಎಡಪಾದವನ್ನು ಅದರ ಮುಂದೆ ಎತ್ತಿ ಹಿಡಿಯುತ್ತಾರೆ. ಅಂಗಾಲು, ಬೆರಳ ಸಂದಿ, ಹಿಮ್ಮಡಿ, ಎಲ್ಲಾದರೂ ಗೀರು, ಗುಳ್ಳೆ, ಕಪ್ಪು ಇದೆಯಾ ಅಂತ ನಾನು ಕೂತು ನೋಡುತ್ತೇನೆ. ಆ ಪಾದ ತಾನಾಗಿ ಏನೂ ಹೇಳುವುದಿಲ್ಲ, ನಾವೇ ಕೇಳಬೇಕು.

ನಿಮ್ಮ ಮನೆಯಲ್ಲೂ ಶುಗರ್ ಇರುವ ಅಪ್ಪ ಅಮ್ಮ ಇದ್ದರೆ, ಇವತ್ತು ಮನೆಗೆ ಹೋದಾಗ ಒಮ್ಮೆ ಅವರ ಪಾದ ನೋಡಿ. ಬೇರೆ ಊರಿನಲ್ಲಿದ್ದರೆ ವಿಡಿಯೋ ಕಾಲ್‌ನಲ್ಲಿ ತೋರಿಸಲು ಹೇಳಿ, ನಾಚಿಕೊಂಡರೂ ಬಿಡಬೇಡಿ. ಏನಾದರೂ ಕಂಡರೆ ಆವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಶನಿವಾರದವರೆಗೆ ಕಾಯಬೇಡಿ.